ಪುಟ್ಟನಿಗೆ, ಗಾಡಿ ಕೊಳ್ಳುವ ಮುಂಚೆ

ಚಿಕ್ಕಬಳ್ಳಾಪುರ

ಪ್ರೀತಿಯ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಪತ್ರ ಓದಿದೆ. ಅಲ್ಲಿ ಕೆನಡಾದಲ್ಲಿ ಹಿಮದ ಮೇಲೆ ಓಡಿಸುವ ಮೂರು ಸ್ನೋಮೊಬೈಲುಗಳ ಫೋಟೊ, ಅಳತೆ, ಎಂಜಿನ್ ವಿವರ ಎಲ್ಲ ಕಳಿಸಿ, ಮಾವ ನೀವು ಗ್ಯಾರೇಜ್ ನಡೆಸಿದವರು, ಯಾವುದು ತಗೊಳ್ಳಲಿ ಹೇಳಿ ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯೋಣ ಅಂತಲೇ ಕೂತೆ. ಆದರೆ ನಡುವೆ ನಿನ್ನ ಗೆಳೆಯರ ಬಗ್ಗೆ ಒಂದು ಮಾತು ಬರೆದಿದ್ದೀಯ. "ಅವರೆಲ್ಲ ಸಲೀಸಾಗಿ ಮೇಲಕ್ಕೆ ಹತ್ತಿಬಿಡುತ್ತಾರೆ, ನಾನು ಹಿಂದೆ ಬಿದ್ದರೆ ಮುಂದಿನ ಸಲ ಕರೆಯುವುದೇ ಇಲ್ಲವೇನೋ, ಅದಕ್ಕೇ ದೊಡ್ಡದನ್ನೇ ತಗೊಳ್ಳೋಣ ಅಂತ." ಆ ಮಾತು ನನ್ನನ್ನು ಬಿಡುತ್ತಿಲ್ಲ ಪುಟ್ಟ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ತಲೆಯಲ್ಲಿತ್ತು. ನಿಮ್ಮತ್ತೆ ಯಾಕೆ ಸುಮ್ನಿದ್ದೀರಿ ಅಂತ ಕೇಳಿದಳು. ಏನೂ ಹೇಳಲಿಲ್ಲ.

ಹೋದ ಚಳಿಗಾಲದಲ್ಲಿ ಬಾಡಿಗೆ ಗಾಡಿ ಓಡಿಸಿ ಬಂದು ನೀನು ಬರೆದದ್ದು ಬೇರೆಯೇ ಇತ್ತು. ಮರಗಳ ಮಧ್ಯೆ ನಿಧಾನವಾಗಿ ದಾರಿ ಹುಡುಕಿಕೊಂಡು ಹೋಗುವುದು, ಗಾಡಿಯನ್ನು ಬೆಟ್ಟದ ಕಡೆಗೆ ವಾಲಿಸಿ ಇಳಿಜಾರಿಗೆ ಅಡ್ಡವಾಗಿ ಸಾಗುವುದು, ಒಂದು ಕಾಲು ಪೂರಾ ಹಿಮಕ್ಕೆ ತಾಗುವ ಹಾಗೆ ನಿಂತು ತಿರುಗಿಸುವುದು, ಇವೇ ನನಗೆ ಖುಷಿ ಅಂದಿದ್ದೆ. ಆ ಪತ್ರದಲ್ಲಿ ಎತ್ತರದ ಮಾತೇ ಇರಲಿಲ್ಲ. ಈ ಸಲ ಬರೀ ಎತ್ತರ. ಇಷ್ಟರಲ್ಲಿ ನಿನ್ನ ಇಷ್ಟ ಬದಲಾಗಿದ್ದರೆ ಸರಿ, ನಾನು ಬೇಡ ಅನ್ನುವುದಿಲ್ಲ. ಬದಲಾಗಿರುವುದು ನಿನ್ನ ಭಯ ಮಾತ್ರ ಅಂತ ನನಗೆ ಅನಿಸುತ್ತಿದೆ.

ನಾನು ಹಿಮ ಕಂಡವನಲ್ಲ. ಆದ್ದರಿಂದ ಗಾಡಿ ಬಗ್ಗೆ ನಾನು ಹೇಳುವುದನ್ನು ಅಲ್ಲಿ ಓಡಿಸಿ ಗೊತ್ತಿರುವವರ ಹತ್ತಿರ ಇನ್ನೊಮ್ಮೆ ಕೇಳಿಕೋ. ಆದರೆ ನೀನು ಕಳಿಸಿದ ಮೂರೂ ಟೂ ಸ್ಟ್ರೋಕ್ ಎಂಜಿನ್. ಜೀವನವೆಲ್ಲ ಅದನ್ನೇ ಬಿಚ್ಚಿ ಜೋಡಿಸಿದವನು ನಾನು. ನಮ್ಮಲ್ಲಿ ರಸ್ತೆ ಬೈಕುಗಳಲ್ಲಿ ಅದರ ಕಾಲ ಮುಗಿಯಿತು, ಅಲ್ಲಿ ಬೆಟ್ಟದ ಹಿಮಕ್ಕೆ ಇನ್ನೂ ಅದೇ ಬೇಕಂತೆ, ತೂಕ ಕಡಿಮೆ ಅನ್ನುವುದೇ ಕಾರಣ. ಓದಿ ಸಂತೋಷವಾಯಿತು.

ನೀನು ತಗೊಳ್ಳಬೇಕು ಅಂತಿರುವುದು 175 ಇಂಚಿನ ಟ್ರ್ಯಾಕ್, ಅಂದರೆ ಗಾಡಿಯ ಕೆಳಗೆ ಸುತ್ತುತ್ತಾ ಹಿಮವನ್ನು ತಳ್ಳುವ ರಬ್ಬರ್ ಪಟ್ಟಿ, ಮೇಲೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ. 175 ಇಂಚು ಅಂದರೆ ಆ ಪಟ್ಟಿಯ ಪೂರಾ ಸುತ್ತು, ಹತ್ತಿರ ಹತ್ತಿರ 14.5 ಅಡಿ. ಉದ್ದ ಜಾಸ್ತಿಯಾದಷ್ಟೂ ಭಾರ ಹರಡುತ್ತದೆ, ಆಳದ ಹಿಮದಲ್ಲಿ ಹೂತುಕೊಳ್ಳುವುದು ಕಡಿಮೆ, ನೇರ ಏರನ್ನು ಬಿಡದೆ ಹತ್ತುತ್ತದೆ. ಅದು ಏರು ಹತ್ತುವವರ ಗಾಡಿ. ಮೈಭಾರ ಇರುವವರಿಗೂ ಒಳ್ಳೆಯದು. ನೀನು ಮೊದಲಿಂದಲೂ ಸಣಕಲು. ಮರಗಳ ಮಧ್ಯೆ ಥಟ್ಟನೆ ತಿರುಗಿಸಬೇಕಾದಾಗ ಆ ಉದ್ದವೇ ಎದುರು ನಿಲ್ಲುತ್ತದೆ. 146 ಇಂಚಿನದು ಅದಕ್ಕೆ ತದ್ವಿರುದ್ಧ, ಕುಣಿಯುತ್ತದೆ, ನೆಗೆಯುವವರಿಗೆ, ಮುಂಭಾಗ ಎತ್ತಿ ಆಟವಾಡುವವರಿಗೆ ಅದು ಇಷ್ಟ, ಆದರೆ ಹೊಸ ಹಿಮ ತುಂಬಾ ಬಿದ್ದ ದಿನ ಹೆಚ್ಚು ಒದ್ದಾಡಬೇಕಾಗುತ್ತದೆ. ನಡುವೆ 154, 155, ಆಮೇಲೆ 165 ಇದೆಯಲ್ಲ. ನೀನು ಕಳಿಸಿದ ಮೂರರಲ್ಲಿ 154ರದು ಕೊನೆಯಲ್ಲಿತ್ತು, ಅದರ ಫೋಟೊ ಕೂಡ ಚಿಕ್ಕದಾಗಿ ಹಾಕಿದ್ದೆ. ನನ್ನ ಕಣ್ಣು ಅದರ ಮೇಲೇ ಹೋಯಿತು.

ಪಟ್ಟಿಯ ಮೇಲಿನ ಹಲ್ಲು ಎಷ್ಟಿರಬೇಕು ಅಂತ ಕೇಳಿದ್ದೀಯ. ಕೆರೆ ಬಯಲಿನ ಗದ್ದೆಯಲ್ಲಿ ಕೆಸರು ಉಳುವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುತ್ತೇವಲ್ಲ, ಅದೇ ಲೆಕ್ಕ ಇದು. 3 ಇಂಚಿನ ಹಲ್ಲು ಆಳದ ಪುಡಿ ಹಿಮವನ್ನು ಚೆನ್ನಾಗಿ ತಳ್ಳುತ್ತದೆ. 2.5 ಇಂಚಿನದು ಗಟ್ಟಿ ಹಿಮದಲ್ಲಿ, ದಾರಿಯ ಮೇಲೆ ಸಲೀಸು. ನೀವು ಹೋಗುವ ಬೆಟ್ಟದೂರು ರೆವೆಲ್‌ಸ್ಟೋಕ್ ಕಡೆ ಹಿಮ ಆಳ ಅಂತೀಯ, ಹಾಗಿದ್ದರೆ 3 ಇಂಚಿನದೇ ಇರಲಿ. ಇದರಲ್ಲಿ ನನಗೆ ಅಂಥ ಹಟವಿಲ್ಲ.

ಟರ್ಬೋ ವಿಷಯದಲ್ಲಿ ಸ್ವಲ್ಪ ಹಟವಿದೆ. ಮೇಲೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ, ಪ್ರತಿ 1,000 ಅಡಿಗೆ ಎಂಜಿನ್ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ನಂದಿ ಬೆಟ್ಟ 4,851 ಅಡಿ. ನೀವು ಓಡಾಡುವುದು 7,000 ಅಡಿ ಆಸುಪಾಸು. ನೀನು ಕಳಿಸಿದ ಸ್ಕೀ-ಡೂ ಬ್ರ್ಯಾಂಡಿನ ಗಾಡಿಯ 850 ಸಿಸಿ ಎಂಜಿನ್ ಕೆಳಗೆ 165 ಎಚ್‌ಪಿ ಕೊಟ್ಟರೆ ಅಲ್ಲಿ ಐದರಲ್ಲಿ ಒಂದು ಪಾಲು ಹೋಗಿ 130ರ ಹತ್ತಿರ ಉಳಿಯುತ್ತದೆ. ಟರ್ಬೋ ಇದ್ದರೆ ಆ ಶಕ್ತಿ ಉಳಿಯುತ್ತದೆ, ನಿಜ. ಅಮೆರಿಕದ ಕೊಲೊರಾಡೊದಲ್ಲಿ 11,000 ಅಡಿ, 12,000 ಅಡಿಯಲ್ಲಿ ಓಡಿಸುವವರಿಗೆ ಅದು ಬೇಕು. ಆದರೆ ಮರಗಳ ಮಧ್ಯೆ ದಾರಿ ಹುಡುಕುವ ನಿನ್ನಂಥವನಿಗೆ 130 ಎಚ್‌ಪಿ ಸಾಲದೇ? ಈ ಕಾಗದ ಬರೆಯುತ್ತಿರುವ ನಾನು 15 ಎಚ್‌ಪಿ ಬೈಕಿನಲ್ಲಿ ಬೆಟ್ಟ ಹತ್ತಿದವನು, ಅದಕ್ಕೇ ಹೀಗೆ ಕಾಣಬಹುದು. ಇರಲಿ.

ಹಿಂದೆ ಬೀಳುವ ಮಾತಿಗೇ ಮತ್ತೆ ಬರುತ್ತೇನೆ. ಬಿ.ಬಿ. ರಸ್ತೆಯಲ್ಲಿ ಗ್ಯಾರೇಜ್ ಇಟ್ಟ ಹೊಸತು, ನಿಮ್ಮಮ್ಮನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ನಾವೊಂದಷ್ಟು ಜನ ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೊರಡುತ್ತಿದ್ದೆವು. ಜಾವಾ, ಯೆಜ್ಡಿ ಗಾಡಿಗಳು. ಒಬ್ಬ ಮಾತ್ರ ಹಳೆಯ ರಾಜದೂತ್ ತರುತ್ತಿದ್ದ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕುವವನು, ವಾರವೆಲ್ಲ ಮೂಟೆ ಹೊತ್ತ ಗಾಡಿ ಅದು. ಅವನು ಚೆನ್ನಾಗಿ ಓಡಿಸುತ್ತಿದ್ದ ಪುಟ್ಟ. ನಮಗೆಲ್ಲರಿಗಿಂತ ನೀಟಾಗಿ ತಿರುವು ತೆಗೆಯುತ್ತಿದ್ದ. ಏರಿನಲ್ಲಿ ಮಾತ್ರ ಹಿಂದೆ ಬೀಳುತ್ತಿದ್ದ. ನಾವು ಮೇಲೆ ಹೋಗಿ ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಅವನು ಬಂದು ನಗುತ್ತಾ ಗಾಡಿ ನಿಲ್ಲಿಸುತ್ತಿದ್ದ. ಯಾರೂ ಅವನನ್ನು ಹೀಯಾಳಿಸಲಿಲ್ಲ. ಆದರೆ ಯಾರೂ ಕಾಯುತ್ತಲೂ ಇರಲಿಲ್ಲ.

ಒಂದು ದಿನ ರಾಜದೂತ್ ಮಾರಿ, ಸಾಲ ಮಾಡಿ, ಎರಡು ಸಿಲಿಂಡರಿನ 350 ತಂದ. ಆ ಗಾಡಿಯಲ್ಲಿ ದೋಷವಿರಲಿಲ್ಲ, ನಾನೇ ನೋಡಿದ್ದೆ, ಎಂಜಿನ್ ಶಬ್ದ ಇವತ್ತಿಗೂ ಕಿವಿಯಲ್ಲಿದೆ. ಏರಿನಲ್ಲಿ ಎಲ್ಲರಿಗಿಂತ ಮುಂದೆ ಹೋದ. ಇಳಿಯುವಾಗ ತಿರುವಿನಲ್ಲಿ ಬಿದ್ದ. ಪ್ರಾಣಕ್ಕೇನೂ ಆಗಲಿಲ್ಲ. ಬಲಗೈ ಮೊಣಕೈ ಮಾತ್ರ ಪೂರಾ ನೆಟ್ಟಗಾಗಲೇ ಇಲ್ಲ. ಆಮೇಲೆ ಅವನು ಗಾಡಿ ಓಡಿಸಲಿಲ್ಲ, ನಮ್ಮ ಹತ್ತಿರ ಬರುವುದನ್ನೂ ಬಿಟ್ಟ. ಮಾರ್ಕೆಟ್ಟಿನಲ್ಲಿ ಎದುರಾದರೆ ತಲೆ ಬಗ್ಗಿಸಿ ಹೋಗುತ್ತಿದ್ದ, ತಾನೇ ಏನೋ ತಪ್ಪು ಮಾಡಿದವನ ಹಾಗೆ. "ನಿಧಾನಕ್ಕೆ ಬಾರೋ, ಅರ್ಧ ದಾರಿಯಲ್ಲಿ ನಿಂತಿರುತ್ತೇವೆ" ಅಂತ ಒಂದು ಮಾತು ಸಾಕಿತ್ತು. ಆ ಮಾತು ಯಾರ ಬಾಯಿಂದಲೂ ಬರಲಿಲ್ಲ. ನನ್ನ ಗ್ಯಾರೇಜಿನಲ್ಲೇ ಸಂಜೆಯೆಲ್ಲ ಕೂತಿರುತ್ತಿದ್ದ ಹುಡುಗ ಅವನು. ಈಗ ಇಲ್ಲ, ತೀರಿಕೊಂಡ. ನಿನ್ನ ಆ ಮಾತು ಓದಿದಾಗ ನನಗೆ ನೀನು ಕಾಣಲಿಲ್ಲ, ಅವನು ಕಂಡ.

ಮತ್ತೆ ನಿನ್ನ ಬೆಟ್ಟಕ್ಕೂ ನಮ್ಮ ನಂದಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಲ್ಲಿ ರಸ್ತೆ ಅಲ್ಲಾಡುವುದಿಲ್ಲ. ಅಲ್ಲಿ ನೆಲವೇ ಜಾರುತ್ತದೆ. ನಾನು ಈ ವಾರ ಹಿಮಕುಸಿತದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ, ಓದಿದಷ್ಟೂ ಹೊಟ್ಟೆಯಲ್ಲಿ ಸಂಕಟ. ಹೆಚ್ಚಾಗಿ ಜಾರುವುದು 30ರಿಂದ 45 ಡಿಗ್ರಿ ಇಳಿಜಾರು, ಅಂದರೆ ಎತ್ತರಕ್ಕೆ ಹತ್ತುವ ಆಟಕ್ಕೆ ನಿನ್ನ ಗೆಳೆಯರು ಹುಡುಕುವ ಇಳಿಜಾರೇ. ನೀವು ಹೋಗುವ ರೆವೆಲ್‌ಸ್ಟೋಕ್ ಪಕ್ಕದ ಬೌಲ್ಡರ್ ಬೆಟ್ಟದಲ್ಲೇ 2010ರ ಮಾರ್ಚ್ 13ರಂದು ಇಂಥದ್ದೇ ಹತ್ತುವ ಆಟ ನೋಡಲು ಬಹಳ ಜನ ಸೇರಿದ್ದಾಗ ಹಿಮ ಜಾರಿ ಬಂದು ಇಬ್ಬರು ಸತ್ತರು, ತುಂಬಾ ಜನರಿಗೆ ಪೆಟ್ಟಾಯಿತು. ನಿನಗೆ ಇದು ಗೊತ್ತಿರಬಹುದು. ನಮ್ಮ ಹತ್ತಿರ ಹೇಳಿರಲಿಲ್ಲ.

ನನ್ನ ಭಯ ಇದು. ಸಣ್ಣ ಗಾಡಿ ಇದ್ದರೆ ಒಂದು ಹಂತಕ್ಕೆ ನಿಂತುಬಿಡುತ್ತದೆ, ನೀನೂ ಅಲ್ಲೇ ನಿಲ್ಲುತ್ತೀಯ, ಸುತ್ತ ನೋಡುತ್ತೀಯ, ವರ್ಷ ಕಳೆದಂತೆ ಹಿಮ ಓದುವುದನ್ನು ಕಲಿಯುತ್ತೀಯ. 175 ಇಂಚಿನ ಟರ್ಬೋ ಹಾಗೆ ನಿಲ್ಲುವುದಿಲ್ಲ. ಹತ್ತು ವರ್ಷ ಬೆಟ್ಟ ತಿರುಗಿದವನು ಹೋಗುವ ಜಾಗಕ್ಕೆ ನಿನ್ನನ್ನು ಮೊದಲ ಚಳಿಗಾಲದಲ್ಲೇ ತಂದು ನಿಲ್ಲಿಸುತ್ತದೆ. ಆಗ ಅಲ್ಲಿ ಏನು ನೋಡಬೇಕು ಅನ್ನುವುದು ನಿನಗೆ ಗೊತ್ತಿರುವುದಿಲ್ಲ, ಮುಂದಿರುವವನ ಜಾಡು ಮಾತ್ರ ಕಾಣುತ್ತದೆ. ಹಿಂದೆ ಬೀಳಬಾರದು ಅನ್ನುವವನು ಆ ಜಾಡನ್ನೇ ಹಿಡಿಯುತ್ತಾನೆ.

ಇನ್ನೊಂದು ಓದಿದೆ, ಇದು ಸಿಕ್ಕಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಕಡಿದಾದ ಇಳಿಜಾರಿಗೆ ಒಂದು ಸಲಕ್ಕೆ ಒಬ್ಬನೇ ಹೋಗಬೇಕಂತೆ. ಮಿಕ್ಕವರು ಹಿಮ ಬಂದರೂ ತಲುಪದ ಜಾಗದಲ್ಲಿ ನಿಂತು ಕಣ್ಣು ತೆಗೆಯದೆ ನೋಡುತ್ತಿರಬೇಕು. ಮೇಲೆ ಗಾಡಿ ಸಿಕ್ಕಿಕೊಂಡರೂ ಇನ್ನೊಬ್ಬ ಸಹಾಯಕ್ಕೆ ಅಂತ ಅದೇ ಇಳಿಜಾರಿಗೆ ಏರಬಾರದು. ಹಿಮದಲ್ಲಿ ಹೂತವನನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಬದುಕುವುದು ಜಾಸ್ತಿ, ಅರ್ಧ ಗಂಟೆ ದಾಟಿದರೆ ಕಷ್ಟ. ಅಷ್ಟರೊಳಗೆ ಊರಿನಿಂದ ಯಾರೂ ಬರಲಾಗುವುದಿಲ್ಲ. ತೆಗೆಯುವವನು ಕೆಳಗೆ ನಿಂತವನೇ. ಅಂದರೆ ಪುಟ್ಟ, ಆ ಬೆಟ್ಟದಲ್ಲಿ ಹಿಂದೆ ಇರುವವನೇ ಮುಂದೆ ಹೋದವನ ಪ್ರಾಣ. ನಿನ್ನ ಗೆಳೆಯರು ತಿಳಿದವರಾಗಿದ್ದರೆ ಹಿಂದೆ ನಿಲ್ಲುವವನನ್ನು ಬಿಟ್ಟು ಹೋಗುವುದಿಲ್ಲ, ಅವನಿಲ್ಲದೆ ಹೊರಡುವುದೇ ಇಲ್ಲ. ತಿಳಿಯದವರಾಗಿದ್ದರೆ ಅವರು ಕರೆಯದಿದ್ದರೇ ನನಗೆ ನೆಮ್ಮದಿ. ಕಟುವಾಗಿ ಬರೆದೆನೇನೋ, ಬೇಜಾರು ಮಾಡಿಕೊಳ್ಳಬೇಡ.

ಟರ್ಬೋ ಬಿಟ್ಟರೆ ಉಳಿಯುವ ದುಡ್ಡಿನಲ್ಲಿ ಹೂತವನು ಎಲ್ಲಿದ್ದಾನೆ ಅಂತ ಸಂಕೇತ ಕೊಡುವ ಬೀಕನ್, ಸಲಿಕೆ, ಹಿಮದಲ್ಲಿ ಚುಚ್ಚಿ ಹುಡುಕುವ ಉದ್ದದ ಕೋಲು, ಹಿಮ ಜಾರಿದಾಗ ಉಬ್ಬಿ ಮೇಲೆ ಉಳಿಸಲು ಬೆನ್ನಿಗೆ ಹಾಕುವ ಏರ್‌ಬ್ಯಾಗ್, ಇವನ್ನು ಮೊದಲು ತಗೋ. ಸಲಿಕೆ, ಕೋಲು ಗಾಡಿಯ ಬಾಕ್ಸಿನಲ್ಲಲ್ಲ, ನಿನ್ನ ಬೆನ್ನ ಮೇಲೇ ಇರಬೇಕು. ಗಾಡಿ ಒಂದು ಕಡೆ, ನೀನು ಒಂದು ಕಡೆ ಆದರೆ ಬಾಕ್ಸಿನಲ್ಲಿದ್ದು ಏನು ಪ್ರಯೋಜನ? ಹಿಮಕುಸಿತದ ಎಚ್ಚರಿಕೆ ಕೊಡುವ ಸಂಸ್ಥೆ ಅವಲಾಂಚ್ ಕೆನಡಾದವರು ರೂಪಿಸಿರುವ ಆರಂಭದ ತರಬೇತಿ ಇದೆಯಂತೆ, ಸ್ನೋಮೊಬೈಲ್ ಓಡಿಸುವವರಿಗೇ ಬೇರೆಯಾಗಿ ನಡೆಸುತ್ತಾರಂತೆ. ಗಾಡಿ ಬರುವ ಮುಂಚೆ ಅದು ಮುಗಿದರೆ ಒಳ್ಳೆಯದು. ಹೇಳುವುದು ಸುಲಭ, ಕ್ಯಾಲ್ಗರಿಯಲ್ಲಿ ನಿನ್ನ ಕೆಲಸದ ಒತ್ತಡ ನನಗೂ ಗೊತ್ತು.

ಗಾಡಿಯನ್ನು ಸುಮ್ನೆ ಕೂತು ನೋಡಬೇಡ, ನಿಂತು ನೋಡು. ಓಡಿಸುವುದು ನಿಂತೇ ಅಲ್ವಾ. ಹ್ಯಾಂಡಲ್ ಎದೆಗೆ ಬರುತ್ತದೋ ಸೊಂಟಕ್ಕೋ, ಒಂದೇ ಮಗ್ಗುಲಿನ ಹಲಗೆಯ ಮೇಲೆ ಎರಡೂ ಕಾಲಿಟ್ಟು ಎಳೆದರೆ ಗಾಡಿ ನಿನ್ನ ಕಡೆ ವಾಲುತ್ತದೋ ಇಲ್ಲವೋ ನೋಡು. ಬೆಟ್ಟದ ಗಾಡಿಗಳಲ್ಲಿ ಮುಂದೆ ಚಕ್ರದ ಬದಲು ಹಿಮದ ಮೇಲೆ ಜಾರುವ ಎರಡು ಸ್ಕೀಗಳ ನಡುವಿನ ಅಂತರ ಕಡಿಮೆ ಇರುವುದೇ ಹಾಗೆ ಸುಲಭವಾಗಿ ವಾಲಲಿ ಅಂತ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗನ್ನು ನಿನ್ನ ತೂಕಕ್ಕೆ ಹೊಂದಿಸಿ ಕೊಡಲು ಹೇಳು, ಚಳಿ ಬಟ್ಟೆ, ಚೀಲ ಎಲ್ಲ ಸೇರಿಸಿದ ತೂಕ. ಗಾಡಿಯೇ 200 ಕೆಜಿ ಹತ್ತಿರ, ಹೂತರೆ ಎತ್ತಬೇಕಾದವನು ನೀನು, ಅದಕ್ಕೂ ನನಗೆ ಹಗುರದ್ದೇ ಇಷ್ಟ.

ಇಷ್ಟು ಬರೆದ ಮೇಲೂ ನಿನಗೆ 165 ಬೇಕು ಅನಿಸಿದರೆ ತಗೋ. ಆಳದ ಹಿಮಕ್ಕೆ ಅದು ಕೆಟ್ಟ ಆಯ್ಕೆಯಲ್ಲ, ಮರಗಳ ಮಧ್ಯೆಯೂ ಅಭ್ಯಾಸವಾಗುತ್ತದೆ ಅನ್ನುವವರು ಇದ್ದಾರೆ. ಆದರೆ ಅದು ನಿನಗೆ ಬೇಕು ಅಂತ ತಗೋ. ದುಡ್ಡು ಕಟ್ಟುವ ಮುಂಚೆ ಒಂದು ಸಂಜೆ ಆ ಗೆಳೆಯರನ್ನು ಕೂರಿಸಿಕೊಂಡು, ನಾನು ಚಿಕ್ಕ ಗಾಡಿ ತಗೊಳ್ಳುತ್ತಿದ್ದೇನೆ, ನಿಧಾನವಾಗಿ ಬರುತ್ತೇನೆ, ಎಲ್ಲಿ ನಿಂತಿರುತ್ತೀರಿ ಅಂತ ಬಾಯಿ ಬಿಟ್ಟು ಕೇಳು. ಅವರು ಏನಂದರು ಅಂತ ನನಗೆ ಬರೆ. ಯಾವ ಗಾಡಿ ಬುಕ್ ಮಾಡಿದೆ ಅನ್ನುವುದನ್ನು ಆಮೇಲೆ ಬರೆದರೂ ನಡೆಯುತ್ತದೆ.

ಇಂತಿ,
ನಿನ್ನ ಮಾವ

ಮರೆತಿದ್ದೆ: ಚಳಿಯಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಎಕ್ಸಲರೇಟರ್ ಒತ್ತಬೇಡ. ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸಿಲಿಂಡರ್ ಇನ್ನೂ ತಣ್ಣಗಿರುತ್ತದೆ, ಸೀಜ್ ಆಗುತ್ತದೆ. ಚೆನ್ನಾಗಿ ಕಾಯಲು ಬಿಡು. ಡ್ರೈವ್ ಬೆಲ್ಟ್ ಒಂದು, ಸ್ಪಾರ್ಕ್ ಪ್ಲಗ್ ಒಂದು ಜೊತೆ ಯಾವಾಗಲೂ ಗಾಡಿಯಲ್ಲಿರಲಿ, ಬೆಲ್ಟ್ ಬದಲಿಸುವುದನ್ನು ಮನೆಯಲ್ಲೇ ಕೈಗವಸು ಹಾಕಿಕೊಂಡು ಒಂದೆರಡು ಸಲ ಮಾಡಿ ನೋಡು.