ಖಜಾಂಚಿಯಾದ ಮಗನಿಗೆ

ಪ್ರೀತಿಯ ಮಗನಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಕರ್ತನ ಕೃಪೆಯಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ದೊಡ್ಡಮ್ಮನ ಮಂಡಿನೋವು ಇದ್ದದ್ದೇ, ಅದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ನಿಮ್ಮ ಚರ್ಚಿನ ಸಭೆಯವರು ನಿನ್ನನ್ನು ಖಜಾಂಚಿ ಮಾಡಿದ್ದಾರೆ ಅಂತ ಓದಿ ಸಂತೋಷವಾಯಿತು, ಸ್ವಲ್ಪ ನಗುವೂ ಬಂತು. ಹನ್ನೆರಡು ಮಂದಿ ಶಿಷ್ಯರಲ್ಲಿ ಹಣದ ಚೀಲ ಯಾರ ಕೈಲಿತ್ತು ಅಂತ ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ನೋಡಿಕೋ: ಯೇಸುಸ್ವಾಮಿಯನ್ನು ಹಿಡಿದುಕೊಟ್ಟ ಯೂದನ ಕೈಲಿ. ನಾನೂ ಬಹಳ ವರ್ಷ ಆ ಕೆಲಸ ಮಾಡಿದವನು. ಆ ವಚನ ಓದುವಾಗಲೆಲ್ಲ ಸಭಾಪಾಲಕರು ನನ್ನ ಕಡೆಗೇ ನೋಡುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಕೆಲಸದ ಮಾತು ಮೊದಲು ಮುಗಿಸಿಬಿಡುತ್ತೇನೆ. ಕಾಣಿಕೆಯನ್ನು ಯಾವತ್ತೂ ಒಬ್ಬನೇ ಕೂತು ಎಣಿಸಬೇಡ. ಪಕ್ಕದಲ್ಲಿ ಇನ್ನೊಬ್ಬರಿರಲಿ, ಇಬ್ಬರ ಸಹಿಯೂ ಬೀಳಲಿ. ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಹಣ ಕೂಡಿಸುವಾಗ ಅಪೊಸ್ತಲನಾದ ಪೌಲ ಅದನ್ನು ತನ್ನೊಬ್ಬನ ಕೈಯಲ್ಲಿ ಇಟ್ಟುಕೊಳ್ಳಲಿಲ್ಲ. ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸಿದ. ದೇವರ ಮುಂದೆ ಸರಿಯಾಗಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಅವನೇ ಕಾರಣ ಬರೆದಿದ್ದಾನೆ, ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯದಲ್ಲಿದೆ. ಹಾಗಾಗಿ ಯಾರಾದರೂ ಲೆಕ್ಕ ಕೇಳಿದರೆ 'ನನ್ನ ಮೇಲೆ ನಂಬಿಕೆ ಇಲ್ಲವಾ' ಅಂತ ಮುಖ ಊದಿಸಿಕೊಳ್ಳಬೇಡ. ಪುಸ್ತಕ ತೆಗೆದು ಮುಂದಿಡು.

ನಿನ್ನ ಪತ್ರದ ಎರಡನೇ ಹಾಳೆ ಓದಿದ ಮೇಲೆ ಮಾತ್ರ ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂತೆ. ಹಿಂದಿನ ಖಜಾಂಚಿ ನಾಲ್ಕು ಜನರ ಎದುರು 'ಈ ಹುಡುಗನಿಗೆ ಏನು ತಿಳಿಯುತ್ತೆ' ಅಂದರು, ಅವರು ಆಸ್ಪತ್ರೆಯಲ್ಲಿದ್ದಾಗ ಮೂರು ರಾತ್ರಿ ನಿದ್ದೆಗೆಟ್ಟವನು ನೀನು, ಅವರ ಮಗಳ ಅರ್ಜಿಗೆ ಓಡಾಡಿದವನು ನೀನು, ಒಂದು ಥ್ಯಾಂಕ್ಸ್ ಕೂಡ ಬರಲಿಲ್ಲ. ಎಲ್ಲವನ್ನೂ ತಾರೀಖಿನ ಸಮೇತ ಬರೆದಿದ್ದೀಯ. ಅಕ್ಷರ ಮುದ್ದಾಗಿದೆ, ಆದರೆ ಓದುತ್ತಾ ಹೋದರೆ ಜಮಾ-ಖರ್ಚಿನ ಹಾಗೇ ಇದೆ ಮಗನೇ.

ಬೈಯುತ್ತಿಲ್ಲ. ಈ ಕಾಯಿಲೆ ನನಗೂ ಇತ್ತು, ಪೂರ್ತಿ ವಾಸಿಯಾಗಿದೆ ಅಂತ ಈಗಲೂ ಹೇಳಲಾರೆ.

ನಮ್ಮ ಸಭೆಯಲ್ಲಿ ನನಗೊಬ್ಬ ಗೆಳೆಯನಿದ್ದ. ಅವನ ಕೆಲಸ ಹೋದಾಗ ಮಕ್ಕಳ ಫೀಸಿಗೆ ನಾನು ಹಣ ಕೊಟ್ಟೆ. ವಾಪಸು ಬೇಡ ಅಂದಿದ್ದೆ, ಮನಸ್ಸಿನಿಂದಲೇ ಅಂದಿದ್ದೆ. ಎರಡು ವರ್ಷ ಕಳೆದ ಮೇಲೆ ಒಂದು ಕಮಿಟಿ ಮೀಟಿಂಗಿನಲ್ಲಿ ಚಾವಣಿ ರಿಪೇರಿಯ ವಿಷಯಕ್ಕೆ ಅವನು ನನ್ನ ಮಾತಿಗೆ ವಿರುದ್ಧ ಮಾತಾಡಿದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಬಾಯಿಂದ ಬಂದುಬಿಟ್ಟಿತು: 'ಮಕ್ಕಳ ಫೀಸಿಗೆ ನನ್ನ ಹತ್ತಿರ ಬಂದಾಗ ಈ ಬುದ್ಧಿ ಎಲ್ಲಿ ಹೋಗಿತ್ತು?' ಅವನು ತಿರುಗಿ ಒಂದು ಮಾತೂ ಆಡಲಿಲ್ಲ. ಕೈಯಲ್ಲಿದ್ದ ಪೆನ್ನಿನ ಕ್ಯಾಪು ತೆಗೆಯುವುದು, ಹಾಕುವುದು, ತೆಗೆಯುವುದು, ಹಾಕುವುದು. ಮೀಟಿಂಗ್ ಮುಗಿಯುವ ತನಕ ಆ ಟಿಕ್ ಟಿಕ್ ಸದ್ದೇ ನನಗೆ ಕೇಳಿಸುತ್ತಿತ್ತು.

ಮುಂದಿನ ತಿಂಗಳಿಂದ ಅವನ ಮಗನ ಕೈಲಿ ಒಂದೊಂದು ಕವರು ಬರತೊಡಗಿತು. ಮೇಲೆ ತಾರೀಖು, ಮೊತ್ತ, ಬೇರೇನೂ ಇಲ್ಲ. ಎಂಟು ಕವರುಗಳಲ್ಲಿ ಹಣ ಪೂರ್ತಿ ತೀರಿತು. ಮೊದಲ ಕವರು ಬಂದ ದಿನವೇ ಓಡಿಹೋಗಿ ಕಾಲು ಹಿಡಿಯಬೇಕಿತ್ತು. ನಾನು ಹೋದದ್ದು ಎಂಟನೆಯದು ಬಂದ ಮೇಲೆ. 'ಪರವಾಗಿಲ್ಲ ಬಿಡಿ' ಅಂದ. ನನ್ನನ್ನು ಯಾವತ್ತೂ ಏಕವಚನದಲ್ಲೇ ಕರೆಯುತ್ತಿದ್ದವನು 'ಬಿಡಿ' ಅಂದ. ಕ್ಷಮಿಸಿದ್ದಾನೆ ಅಂತಲೇ ನಂಬಿದ್ದೇನೆ, ಆದರೆ ಅವತ್ತಿನಿಂದ ಅವನು ನನ್ನ ಹೆಗಲ ಮೇಲೆ ಕೈಹಾಕಿದ್ದಿಲ್ಲ.

ಆಮೇಲಿಂದ ಸುವಾರ್ತೆಯ ಕೆಲವು ಜಾಗಗಳು ನನಗೆ ಬೇರೆ ಥರ ಕಾಣತೊಡಗಿದವು. ಲೂಕ 18ರಲ್ಲಿ ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಇಬ್ಬರಲ್ಲಿ ಒಬ್ಬನಾದ, ಧರ್ಮನಿಷ್ಠ ಪಂಗಡದ ಫರಿಸಾಯ ಮಾಡುವ ಪ್ರಾರ್ಥನೆ ನೋಡು: ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು. ಒಂದೂ ಸುಳ್ಳಲ್ಲ. ದೇವರ ಮುಂದೆ ನಿಂತು ಅವನು ಬ್ಯಾಲೆನ್ಸ್ ಶೀಟು ಓದುತ್ತಿದ್ದಾನೆ. ಇನ್ನೊಬ್ಬ, ಹುಟ್ಟಾ ಲೆಕ್ಕದ ಮನುಷ್ಯನಾದ ಸುಂಕ ವಸೂಲಿಯವನು, ಅವನ ಬಾಯಲ್ಲಿ ಒಂದು ಅಂಕಿಯೂ ಬರುವುದಿಲ್ಲ. ಮತ್ತಾಯ 25 ಇನ್ನೂ ಸೋಜಿಗ. ಹಸಿದಿದ್ದೆನು, ಊಟ ಕೊಟ್ಟಿರಿ ಅಂತ ನ್ಯಾಯತೀರ್ಪಿನ ದಿನ ಅರಸನು ಅಂದಾಗ ನೀತಿವಂತರು ಬೆಪ್ಪಾಗಿ 'ಯಾವಾಗ?' ಅಂತ ಕೇಳುತ್ತಾರೆ. ಅವರಿಗೆ ನಿಜವಾಗಿಯೂ ನೆನಪಿಲ್ಲ! ನಿನ್ನ ಎರಡನೇ ಹಾಳೆಯನ್ನು ಆ 'ಯಾವಾಗ'ದ ಪಕ್ಕದಲ್ಲಿಟ್ಟು ಒಮ್ಮೆ ಓದು.

1 ಕೊರಿಂಥ 13ನ್ನು, ಪ್ರೀತಿಯ ಬಗೆಗಿನ ಆ ಅಧ್ಯಾಯವನ್ನು, ಮದುವೆಗಳಲ್ಲಿ ಓದಿ ಓದಿ ನಾವು ಮೆತ್ತಗೆ ಮಾಡಿಬಿಟ್ಟಿದ್ದೇವೆ. ಪೌಲ ಅದನ್ನು ಬರೆದದ್ದು ವಧೂವರರಿಗಲ್ಲ, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದ, ಕರ್ತನ ಭೋಜನಕ್ಕೆ ಸೇರಿದಾಗಲೂ ಬಡವರನ್ನು ಹಸಿದಿರಿಸಿ ತಾವು ಉಣ್ಣುತ್ತಿದ್ದ ಸಭೆಗೆ. ಪ್ರೀತಿ 'ಅಪಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವದಿಲ್ಲ' ಅಂತ ನಮ್ಮ ಸತ್ಯವೇದದಲ್ಲಿದೆಯಲ್ಲ, ಆ ಜಾಗದಲ್ಲಿ ಗ್ರೀಕಿನಲ್ಲಿರುವುದು ಲೆಕ್ಕ ಬರೆಯುವವರ ಮಾತು: ಖಾತೆಗೆ ಏರಿಸುವುದಿಲ್ಲ ಅಂತ. ಖಜಾಂಚಿಗಳಿಗೆಂದೇ ಬರೆದ ಹಾಗಿದೆ.

ಇನ್ನೊಂದು ಹೇಳುತ್ತೇನೆ, ನಿನ್ನ ಅಪ್ಪನಿಗೂ ಗೊತ್ತಿಲ್ಲದ್ದು. ನಿನ್ನ ಅಜ್ಜಿ ಹಾಸಿಗೆ ಹಿಡಿದಾಗ ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ನಿನ್ನ ಅಪ್ಪನದೇ. ನಾನು ಸಂಜೆ ಬಂದು ತಲೆದಿಂಬಿನ ಹತ್ತಿರ ಕೂತು ಕೀರ್ತನೆ ಓದಿ ಪ್ರಾರ್ಥನೆ ಮಾಡುವವನು. ಒಂದು ದಿನ ಅವನು ಹೊರಗೆ ಹೋಗಿದ್ದ, ಅಮ್ಮನ ಹಾಸಿಗೆ ಒದ್ದೆಯಾಗಿತ್ತು. ನಾನು ಅದನ್ನು ಕಂಡೂ ಕಾಣದವನ ಹಾಗೆ ಕಣ್ಣು ಮುಚ್ಚಿ 'ಪರಲೋಕದ ತಂದೆಯೇ' ಅಂತ ಶುರು ಮಾಡಿದೆ. ಅಮ್ಮ ಕೈ ತಟ್ಟಿ, 'ಆಮೇಲೆ ಮಾಡೋಣ ಕಣೋ, ಮೊದಲು ಬೆಚ್ಚಗೆ ನೀರು ತಗೊಂಡು ಬಾ' ಅಂದಳು. ನೀರು ತಂದುಕೊಟ್ಟೆ. ಗಾಬರಿಯಲ್ಲಿ ತಣ್ಣೀರನ್ನೇ ತಂದಿದ್ದೆ, ಅದಕ್ಕೂ ಬೈಸಿಕೊಂಡೆ.

ಅವತ್ತು ರಾತ್ರಿ ಯೋಹಾನ 13 ತೆಗೆದೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆಯುವ ಅಧ್ಯಾಯ. ಬೋಗುಣಿ, ನೀರು, ನಡುವಿಗೆ ಕಟ್ಟಿಕೊಂಡ ಕೈಪಾವಡ. (ಈಗಿನ ಹುಡುಗರಿಗೆ ಕೈಪಾವಡ ಅಂದರೆ ಗೊತ್ತಾಗುವುದಿಲ್ಲ, ಟವಲು ಅನ್ನು.) ನನ್ನ ಕಣ್ಣು ನಿಂತದ್ದು ಅದಕ್ಕೆ ಮೊದಲಿನ ವಚನದಲ್ಲಿ. ತಂದೆ ಎಲ್ಲವನ್ನೂ ತನ್ನ ಕೈಗೆ ಒಪ್ಪಿಸಿದ್ದಾನೆ, ತಾನು ದೇವರ ಬಳಿಯಿಂದ ಬಂದವನು ಅಂತ ತಿಳಿದೇ ಯೇಸುಸ್ವಾಮಿ ಊಟದಿಂದ ಎದ್ದರು. ತಾನು ಏನೂ ಅಲ್ಲ ಅಂದುಕೊಂಡು ಅಲ್ಲ. ದೀನತೆ ಅಂದರೆ ತಲೆ ತಗ್ಗಿಸಿ, ದನಿ ಇಳಿಸಿ, 'ನನ್ನಂಥ ಪಾಪಿ' ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿಕೊಳ್ಳುವುದು ಅಂತ ತಿಳಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತಾನು ಯಾರು ಅಂತ ಗೊತ್ತಿರುವವನಿಗೆ ಯಾರ ಕಾಲು ತೊಳೆದರೂ ಏನೂ ಕಮ್ಮಿಯಾಗುವುದಿಲ್ಲ. ನಿನ್ನನ್ನು ಹುಡುಗ ಅಂದರೆ ನೀನು ಹುಡುಗನಾಗಿಬಿಟ್ಟೆಯಾ? ಮತ್ತೆ, ಅವತ್ತು ತೊಳೆಸಿಕೊಂಡ ಕಾಲುಗಳಲ್ಲಿ ಹಣದ ಚೀಲದವನಾದ ಆ ಯೂದನ ಕಾಲೂ ಇದ್ದವು. ಅವನು ಎದ್ದುಹೋದದ್ದು ಆಮೇಲೆ.

ಪೇತ್ರನನ್ನೂ ಮರೆಯಬೇಡ. ನನ್ನ ಕಾಲು ತೊಳೆಯುವುದು ಬೇಡ ಅಂತ ಹಟ ಹಿಡಿದ ಶಿಷ್ಯ ಅವನು. ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದು ಕಷ್ಟ. ನಿನ್ನ ಆ ಹಿರಿಯರು ಥ್ಯಾಂಕ್ಸ್ ಹೇಳಲಿಲ್ಲ ಅಂದೆಯಲ್ಲ, ಮೂರು ರಾತ್ರಿ ಒಬ್ಬ ಹುಡುಗನ ಕೈಯಿಂದ ನೀರು ಕುಡಿದದ್ದೇ ಅವರಿಗೆ ಎಷ್ಟು ಭಾರವಾಗಿತ್ತೋ ಏನೋ.

ಅವರು ಕೊಟ್ಟ ಪುಸ್ತಕದಲ್ಲಿ ಎರಡು ಮೊತ್ತ ತಾಳೆಯಾಗುತ್ತಿಲ್ಲ ಅಂತ ಬರೆದಿದ್ದೀಯ. ಅದನ್ನು ಮುಚ್ಚಿಡಬೇಡ. ಪ್ರೀತಿಯ ಹೆಸರಿನಲ್ಲಿ ಅಂಥದ್ದನ್ನು ಮುಚ್ಚಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಭೆಯ ಹಣ ನಿನ್ನದೂ ಅಲ್ಲ, ಅವರದೂ ಅಲ್ಲ. ಆದರೆ ಕಮಿಟಿಗೆ ಹೋಗುವ ಮೊದಲು ಅವರ ಮನೆಗೆ ಹೋಗು, ಒಬ್ಬನೇ ಹೋಗು. ಮತ್ತಾಯ 18ರಲ್ಲಿ ಹೇಳಿರುವ ಮೊದಲ ಮೆಟ್ಟಿಲು ಅದು. ಇಬ್ಬರು ಮೂವರನ್ನು ಕರೆದುಕೊಂಡು ಹೋಗುವುದು, ಸಭೆಗೆ ತಿಳಿಸುವುದು ಎಲ್ಲ ಆಮೇಲಿನದು. 'ಇಲ್ಲಿ ನನಗೆ ಅರ್ಥವಾಗುತ್ತಿಲ್ಲ, ತೋರಿಸಿಕೊಡಿ ಅಂಕಲ್' ಅನ್ನು. ನಾಟಕಕ್ಕೆ ಬೇಡ, ನಿನಗೆ ನಿಜವಾಗಿಯೂ ಅರ್ಥವಾಗದೇ ಇರಬಹುದು. ನಾನೇ ಎಷ್ಟೋ ಸಲ ಒಂದು ಸೊನ್ನೆ ಬಿಟ್ಟು ಬರೆದು ಮಾರನೇ ತಿಂಗಳು ತಡಕಾಡಿದ್ದೇನೆ.

ಆಸ್ಪತ್ರೆಯ ಮಾತು, ಅರ್ಜಿಯ ಮಾತು ಎತ್ತಬೇಡ. ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರಿಗೆ ಏನೋ ಮನಸ್ತಾಪವಿತ್ತು. ಪೌಲ ಸೆರೆಯಲ್ಲಿ ಕೂತು ಇಬ್ಬರ ಹೆಸರನ್ನೂ ಹಿಡಿದು, ಒಂದೇ ಮನಸ್ಸಿನಿಂದಿರಿ ಅಂತ ಬೇಡಿಕೊಳ್ಳುತ್ತಾನೆ. ತಪ್ಪು ಯಾರದು ಅಂತ ಒಂದಕ್ಷರ ಬರೆದಿಲ್ಲ. ನಿಮ್ಮಿಬ್ಬರಲ್ಲಿ ತಪ್ಪು ಯಾರದು ಅಂತ ನಾನೂ ಬರೆಯುವುದಿಲ್ಲ, ಹುಡುಕಿ ಹುಡುಕಿ ಓದಬೇಡ.

ಈ ಭಾನುವಾರ ಕಾಣಿಕೆ ಎಣಿಸಲು ಕೂರುವ ಮೊದಲೇ ಹೋಗಿ ಬಾ. ಎಂಟನೇ ಕವರಿನ ತನಕ ಕಾಯಬೇಡ. ಆ ಎರಡನೇ ಹಾಳೆಯನ್ನು ಈ ಪತ್ರದ ಜೊತೆಗೇ ವಾಪಸು ಕಳಿಸುತ್ತಿದ್ದೇನೆ. ನನ್ನ ಹತ್ತಿರ ಇರುವುದು ಬೇಡ, ನೀನೇ ಏನು ಮಾಡಬೇಕೋ ಮಾಡು.

ಉತ್ತರ ಬರೆಯುವಾಗ ಅವರು ಏನಂದರು ಅಂತ ಬರೆಯಬೇಡ. ಲೆಕ್ಕ ತಾಳೆಯಾಯಿತೋ ಇಲ್ಲವೋ ಅಷ್ಟು ತಿಳಿಸು. ನಿನ್ನ ಅಪ್ಪನಿಗೆ ನನ್ನ ನೆನಪು ಹೇಳು.

ನಿನ್ನ ಪ್ರೀತಿಯ,
ದೊಡ್ಡಪ್ಪ