ಆರು, ಏಳನೇ ತರಗತಿ ಪೋಷಕರಿಗೆ: ಇಂಗ್ಲಿಷ್ ಟೆಸ್ಟ್ ಮತ್ತು ಟೆನ್ಸ್ ಟೇಬಲ್ ಬಗ್ಗೆ

ಆತ್ಮೀಯ ಪೋಷಕರೇ, ನಮಸ್ಕಾರ.

ಎಫ್‌ಎ-2 (ವರ್ಷದ ನಡುವೆ ಮಾಡುವ ಎರಡನೇ ಕಿರು ಪರೀಕ್ಷೆ) ಇಂಗ್ಲಿಷ್ ಪೇಪರ್ ಮನೆಗೆ ಬಂದ ಮೇಲೆ ನಿಮ್ಮಲ್ಲಿ ತುಂಬಾ ಜನ ಬೇಸರ ಮಾಡಿಕೊಂಡಿದ್ದೀರಿ. ಕೆಲವರು ಶಾಲೆಗೇ ಬಂದು ಮಾತಾಡಿದಿರಿ, ಕೆಲವರು ವಾಟ್ಸಾಪ್ ಗ್ರೂಪ್‌ನಲ್ಲಿ ಬರೆದಿರಿ. ಮಗು ಮನೆಯಲ್ಲಿ ಹನ್ನೆರಡು ಟೆನ್ಸನ್ನೂ, ಅಂದರೆ ಇಂಗ್ಲಿಷ್ ಕ್ರಿಯಾಪದದ ಕಾಲರೂಪಗಳ ಟೇಬಲನ್ನು, ತಪ್ಪಿಲ್ಲದೆ ಒಪ್ಪಿಸುತ್ತದೆ, ಪೇಪರ್‌ನಲ್ಲಿ ಮಾತ್ರ ಮಾರ್ಕ್ಸ್ ಬಂದಿಲ್ಲ, ಹೀಗ್ಯಾಕೆ ಎಂಬುದು ನಿಮ್ಮ ಪ್ರಶ್ನೆ. ಟೇಬಲ್ ಬರೆಯುವ ಪ್ರಶ್ನೆಯನ್ನೇ ತೆಗೆದುಬಿಟ್ಟಿದ್ದೀರಂತೆ ಎಂದೂ ಕೇಳಿದಿರಿ.

ಹೌದು, ತೆಗೆದಿದ್ದೇವೆ. ಈ ವರ್ಷದಿಂದ ವಾಕ್ಯ ಕೊಟ್ಟು, ಅದರಲ್ಲಿ ವರ್ಬ್ (ಕ್ರಿಯಾಪದ) ಯಾವುದು, ಟೆನ್ಸ್ ಯಾವುದು ಎಂದು ಕೇಳುತ್ತಿದ್ದೇವೆ. ಇದು ಇಂಗ್ಲಿಷ್ ಮೇಡಂ ಒಬ್ಬರೇ ತೆಗೆದುಕೊಂಡ ತೀರ್ಮಾನ ಅಲ್ಲ, ಶಿಕ್ಷಕರೆಲ್ಲ ಕೂತು ಮಾತಾಡಿ ಮಾಡಿದ್ದು. ಆದ್ದರಿಂದ ಅವರನ್ನು ಬಸ್ ಸ್ಟಾಪ್‌ನಲ್ಲಿ ನಿಲ್ಲಿಸಿ ಕೇಳಬೇಡಿ. ನನ್ನನ್ನು ಕೇಳಿ, ಉತ್ತರ ಕೊಡುವುದು ನನ್ನ ಕೆಲಸ.

ಜಾಸ್ತಿ ಮಕ್ಕಳು ತಪ್ಪು ಮಾಡಿದ್ದು ಒಂದು ಚಿಕ್ಕ ವಾಕ್ಯದಲ್ಲಿ: 'ಸ್ವಿಮ್ಮಿಂಗ್ ಈಸ್ ಎ ಗುಡ್ ಎಕ್ಸರ್‌ಸೈಸ್.' ಮಕ್ಕಳು 'ಸ್ವಿಮ್ಮಿಂಗ್' ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಪ್ರೆಸೆಂಟ್ ಕಂಟಿನ್ಯುವಸ್ (ಈಗ ನಡೆಯುತ್ತಿರುವ ಕೆಲಸ) ಎಂದು ಬರೆದರು. 'ಈಸ್' ಇದೆ, 'ಇಂಗ್' ಇದೆ, ಟೇಬಲ್‌ನಲ್ಲಿ ಹಾಗೇ ಇದೆಯಲ್ಲ! ಆದರೆ ಈ ವಾಕ್ಯದಲ್ಲಿ ಯಾರೂ ಈಜುತ್ತಿಲ್ಲ. ಈಜುವುದು ಒಳ್ಳೆಯದು ಎಂದಷ್ಟೇ ಹೇಳಿದೆ. 'ಸ್ವಿಮ್ಮಿಂಗ್' ಇಲ್ಲಿ ನಾಮಪದದ ಜಾಗದಲ್ಲಿದೆ. ವರ್ಬ್ 'ಈಸ್' ಒಂದೇ, ಟೆನ್ಸ್ ಸಿಂಪಲ್ ಪ್ರೆಸೆಂಟ್. ಹೀಗೆ ತಪ್ಪು ಮಾಡಿದ ಮಕ್ಕಳಲ್ಲಿ ಟೇಬಲ್ ಪೂರ್ತಿ ಬಾಯಿಗೆ ಬರುವವರೂ ಇದ್ದರು.

'ಈಸ್' ಕಣ್ಣಿಗೆ ಬೀಳದೆ ಇರುವುದಕ್ಕೂ ಕಾರಣ ಇದೆ. 'ನಮ್ಮಪ್ಪ ರೈತ' ಎನ್ನುವಾಗ ಕನ್ನಡದಲ್ಲಿ ಕ್ರಿಯಾಪದವೇ ಬೇಕಾಗಿಲ್ಲ. ಅದಕ್ಕೇ ಮಕ್ಕಳು 'ಮೈ ಫಾದರ್ ಫಾರ್ಮರ್' ಎಂದು ಬರೆದು ಮುಗಿಸುತ್ತಾರೆ. ನಮ್ಮಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃ ಆದಮೇಲೆ ನಡುವೆ ಇರುತ್ತದೆ. 'ದಿನಾ ಹೋಗುತ್ತೇನೆ', 'ನಾಳೆ ಹೋಗುತ್ತೇನೆ' ಎರಡಕ್ಕೂ ನಮಗೆ ಒಂದೇ ರೂಪ ಸಾಕು. ಇಂಗ್ಲಿಷಿಗೆ 'ಐ ಗೋ' ಬೇರೆ, 'ಐ ವಿಲ್ ಗೋ' ಬೇರೆ. ಇದನ್ನೆಲ್ಲ ಮೇಡಂ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಯಾಕೆ ಎಂದು ಕೇಳಿದವರಿಗೂ ಇದೇ ಉತ್ತರ.

ಟೇಬಲ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಪಾಸ್ಟ್, ಪ್ರೆಸೆಂಟ್, ಫ್ಯೂಚರ್ ಎಂದು ಮೂರು. ಒಂದೊಂದರಲ್ಲೂ ಸಿಂಪಲ್, ಕಂಟಿನ್ಯುವಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುವಸ್ ಎಂದು ನಾಲ್ಕು. ಒಟ್ಟು 12. ಮಗುವಿಗೆ ಇದು ಗೊತ್ತಿದ್ದರೆ ಒಳ್ಳೆಯದೇ, ಟ್ಯೂಷನ್‌ನಲ್ಲಿ ಕಲಿತಿದ್ದರೂ ಸಂತೋಷವೇ. ಮಗ್ಗಿ ಹೇಳಿಸುವ ಹಾಗೆ ಇದನ್ನೂ ದಿನಾ ಹೇಳಿಸಿ ಎಂದು ಒಬ್ಬ ತಂದೆ ಕೇಳಿಕೊಂಡರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಏಳೆಂಟ್ಲ ಐವತ್ತಾರು ಅನ್ನುವುದು ಎಲ್ಲಿ ಕೇಳಿದರೂ ಐವತ್ತಾರೇ. ವರ್ಬ್ ಹಾಗಲ್ಲ, ವಾಕ್ಯ ನೋಡಿಯೇ ಹೇಳಬೇಕು.

'ಹಿ ಪುಟ್ ದಿ ಬ್ಯಾಗ್ ಆನ್ ದಿ ಟೇಬಲ್' ಎಂಬ ವಾಕ್ಯ ತೆಗೆದುಕೊಳ್ಳಿ. 'ಪುಟ್' ಪಾಸ್ಟ್‌ನಲ್ಲೂ 'ಪುಟ್' ಆಗಿಯೇ ಇರುತ್ತದೆ. ಹಾಗಾದರೆ ಟೆನ್ಸ್ ಯಾವುದು? ಏಳನೇ ತರಗತಿಯ ಒಬ್ಬ ಹುಡುಗಿ ಬೋರ್ಡ್ ಹತ್ತಿರ ಹೋಗಿ ಹೇಳಿದಳು: 'ಪ್ರೆಸೆಂಟ್ ಆಗಿದ್ದರೆ ಪುಟ್ಸ್ ಅಂತ ಇರಬೇಕಿತ್ತು ಮಿಸ್. ಎಸ್ ಇಲ್ಲ, ಹಾಗಾಗಿ ಪಾಸ್ಟ್.' ಇನ್ನೂ ಟೇಬಲ್ ಪೂರ್ತಿ ಒಪ್ಪಿಸಲು ಬಾರದ ಹುಡುಗಿ ಅವಳು. ನಮಗೆ ಬೇಕಿರುವುದು ಈ ಥರ ಯೋಚಿಸುವುದು.

'ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ' ಎಂದರೆ ನಾಳಿನ ಮಾತು, ಆದರೆ ವರ್ಬ್ ಪ್ರೆಸೆಂಟ್‌ನಲ್ಲಿದೆ. 'ಡಿಡ್ ಯು ಗೋ?' ಎನ್ನುವಲ್ಲಿ ಪಾಸ್ಟ್ ಎಂದು ತೋರಿಸುವುದು 'ಡಿಡ್', ಅದಕ್ಕೇ ಅಲ್ಲಿ 'ವೆಂಟ್' ಬರೆದರೆ ತಪ್ಪು. ಮೊದಲು ವರ್ಬ್ ಸಿಗಬೇಕು, ಆಮೇಲೆ ಟೆನ್ಸ್. ವರ್ಬೇ ಸಿಗದಿದ್ದರೆ ಹನ್ನೆರಡು ಹೆಸರು ಗೊತ್ತಿದ್ದು ಏನು ಮಾಡುವುದು? ಇದನ್ನು ಪೋಷಕರ ಸಭೆಯಲ್ಲೂ ಹೇಳಿದ್ದೆ, ಮತ್ತೆ ಹೇಳುತ್ತಿದ್ದೇನೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು, ಪ್ಯಾಸೇಜ್ ಓದಿ ಉತ್ತರ ಬರೆಯಬೇಕು. ಅಲ್ಲಿ ಟೇಬಲ್ ಒಪ್ಪಿಸು ಎಂದು ಯಾರೂ ಕೇಳುವುದಿಲ್ಲ.

ಪೇಪರ್ ಮತ್ತೆ ತಿದ್ದಿ ಮಾರ್ಕ್ಸ್ ಹಾಕಿ ಎಂಬ ಮಾತನ್ನು ಒಪ್ಪಲು ಆಗುವುದಿಲ್ಲ. ಹಾಗೆ ಮಾಡಿದರೆ ಕಷ್ಟಪಟ್ಟು ಹುಡುಕಿ ಬರೆದ ಮಕ್ಕಳಿಗೆ ಅನ್ಯಾಯ, ಅಲ್ವಾ? ಆದರೆ ಒಂದು ಎಫ್‌ಎಯಲ್ಲಿ ಕಡಿಮೆ ಬಂತೆಂದು ನಿಮ್ಮ ಮಗು ಹಿಂದೆ ಬಿತ್ತು ಅಂತಲ್ಲ. ದಯವಿಟ್ಟು ಬೈಯಬೇಡಿ, ಪಕ್ಕದ ಮನೆ ಮಗುವಿನ ಜೊತೆ ಹೋಲಿಸಬೇಡಿ. ಇದೇ ಥರದ ವಾಕ್ಯಗಳನ್ನು ಈಗ ದಿನಾ ಕ್ಲಾಸಿನಲ್ಲಿ ಮಾಡಿಸುತ್ತಿದ್ದೇವೆ. ಎಫ್‌ಎ-3ರಲ್ಲೂ ಇದೇ ಥರ ಕೇಳುತ್ತೇವೆ, ಟೇಬಲ್ ಪ್ರಶ್ನೆ ವಾಪಸ್ ಬರುವುದಿಲ್ಲ.

ನಿಮ್ಮಿಂದ ಬೇಕಿರುವುದು ಇಷ್ಟೇ: ಹೋಂವರ್ಕ್‌ನಲ್ಲಿ ವರ್ಬ್ ಕೆಳಗಿನ ಗೆರೆಯನ್ನು ಮಗುವೇ ಎಳೆಯಲಿ, ತಪ್ಪಾದರೂ ಪರವಾಗಿಲ್ಲ.

ನಮಗೇ ಇಂಗ್ಲಿಷ್ ಬರಲ್ಲ, ನಾವೇನು ನೋಡೋದು ಎಂದು ಕೆಲವು ತಾಯಂದಿರು ಸಂಕೋಚದಿಂದ ಕೇಳಿದಿರಿ. ಏನೂ ತೊಂದರೆ ಇಲ್ಲ. ಯಾಕೆ ಅಲ್ಲೇ ಗೆರೆ ಎಳೆದೆ ಎಂದು ಮಗುವನ್ನು ಕೇಳಿ, ಅದು ಕನ್ನಡದಲ್ಲೇ ಹೇಳಲಿ. ಮುಂದಿನ ಶನಿವಾರ ತರಗತಿ ಬಿಟ್ಟ ಮೇಲೆ ಮೇಡಂ ಮತ್ತು ನಾನು ಏಳನೇ ತರಗತಿ ಕೊಠಡಿಯಲ್ಲಿ ಇರುತ್ತೇವೆ. ಉತ್ತರ ಪತ್ರಿಕೆ ತೆಗೆದುಕೊಂಡು ಬನ್ನಿ, ಮಗುವನ್ನೂ ಕರೆದುಕೊಂಡು ಬನ್ನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು