ಸ್ಕೋಪಿನ ಲೆನ್ಸ್ ಮೇಲಿನ ಬೆರಳಚ್ಚು ತೆಗೆಯಲು ಕೊಟ್ಟು ಗೀರು ಪಡೆದ ಬಗ್ಗೆ ದೂರು

ಇಂದ:
ನಿಮ್ಮ ಗ್ರಾಹಕ, ವಿರಾಜಪೇಟೆ ತಾಲ್ಲೂಕು, ಕೊಡಗು ಜಿಲ್ಲೆ

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ರೈಫಲ್ ಸ್ಕೋಪಿನ ಮುಂದಿನ ಲೆನ್ಸನ್ನು ತಪ್ಪು ಕ್ರಮದಲ್ಲಿ ಒರೆಸಿ ಲೇಪನ ಹಾಳು ಮಾಡಿರುವುದು.

ಮಾನ್ಯರೇ,

ನಿಮ್ಮ ಸಂಸ್ಥೆಯಿಂದ ₹18,500 ಕೊಟ್ಟು ಕೊಂಡ, ಮುಂದಿನ ಲೆನ್ಸ್ 40 ಮಿ.ಮೀ. ಅಗಲವಿರುವ ಸ್ಕೋಪನ್ನು (ಗುರಿ ಹಿಡಿಯಲು ಕೋವಿಯ ಮೇಲೆ ಕೂರಿಸುವ ದೂರದರ್ಶಕ) ನಾನು ಗುರಿ ಅಭ್ಯಾಸದ .22 ರೈಫಲ್ ಮೇಲೆ ಬಳಸುತ್ತಿದ್ದೇನೆ. ಇದೇ ಸೆಪ್ಟೆಂಬರ್ 9ರಂದು ಅದನ್ನು ಶುಚಿಗೊಳಿಸಲೆಂದು ಕೊರಿಯರ್ ಮೂಲಕ ನಿಮ್ಮ ಬೆಂಗಳೂರಿನ ಸೇವಾ ಕೇಂದ್ರಕ್ಕೆ ಕಳುಹಿಸಿ, ಕೇಳಿದ ₹850 ಶುಲ್ಕವನ್ನೂ ಮುಂಗಡವಾಗಿ ಕಟ್ಟಿದ್ದೆ. ಸೆಪ್ಟೆಂಬರ್ 26ರಂದು ಅದು ವಾಪಸು ಬಂದಾಗ ಬೆರಳಚ್ಚುಗಳು ಹೋಗಿದ್ದವು. ಅವು ಇದ್ದ ಜಾಗದಲ್ಲಿ ಗೀರುಗಳು ಬಂದಿದ್ದವು.

ಲೆನ್ಸ್ ಹೇಗೆ ಕೊಳೆಯಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ಕಡೆಯ ತಪ್ಪೂ ಇದೆ. ಸೆಪ್ಟೆಂಬರ್ 3ರಂದು, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ, ನಮ್ಮಲ್ಲಿ ಕೋವಿಗಳನ್ನು ತೊಳೆದು ಒರೆಸಿ, ನಡುಮನೆಯ ದೀಪದ ಮುಂದೆ ಇಟ್ಟು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಗಂಧ ಹಚ್ಚುವುದು ವಾಡಿಕೆ. ಸ್ಕೋಪಿನ ಮುಚ್ಚಳ ಹಿಂದಿನ ವಾರವೇ ಎಲ್ಲೋ ಕಳೆದುಹೋಗಿತ್ತು. ಹಿರಿಯರಾದ ಚಿಕ್ಕಪ್ಪನವರು ನಳಿಗೆಗೆ ಹಚ್ಚಿದ ಗಂಧವನ್ನೇ ಅಷ್ಟೇ ಭಕ್ತಿಯಿಂದ ಲೆನ್ಸಿನ ಅಂಚಿಗೂ ಹಚ್ಚಿದರು. ಅವರ ಭಕ್ತಿಯ ಮೇಲೆ ದೂರು ಕೊಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಪೂಜೆ ಮುಗಿದ ಮೇಲೆ, ಮ್ಯಾಗಜಿನ್ ಕಳಚಿ, ಬೋಲ್ಟ್ ತೆರೆದು, ಚೇಂಬರ್ ಖಾಲಿಯಿದೆ ಎಂದು ಎರಡು ಸಲ ನೋಡಿಕೊಂಡು ಅಕ್ಕನ ಮಕ್ಕಳಿಗೆ ಸ್ಕೋಪಿನಲ್ಲಿ ಇಣುಕಲು ಕೊಟ್ಟೆ. ಕಡುಬು ತಿಂದ ಕೈಯ ಎರಡು ಹೆಬ್ಬೆರಳಿನ ಗುರುತು ಮುಂದಿನ ಲೆನ್ಸಿನ ನಟ್ಟನಡುವೆ ಬಿತ್ತು.

ಬರೀ ಬೆರಳಚ್ಚಾಗಿದ್ದರೆ ಅದನ್ನು ತೆಗೆಯುವುದು ನನಗೇ ಗೊತ್ತಿತ್ತು. ಆದರೆ ಗಂಧ ಒಣಗಿ ಪುಡಿಯಾಗಿ ಗಾಜಿಗೂ ಲೋಹದ ಬಳೆಗೂ ನಡುವಿನ ಸಂದಿಯಲ್ಲಿ ಕೂತಿತ್ತು. ಅದನ್ನು ಕೆದಕುವ ಸಾಹಸ ಬೇಡವೆನಿಸಿತು. ಹಾಗೆಂದು ಬಿಟ್ಟುಬಿಡುವಂತೆಯೂ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ, ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಬೆರಳಿನ ಎಣ್ಣೆಯಂಶ ಗಾಜಿನ ಮೇಲೆ ಉಳಿದರೆ ಅಲ್ಲಿಯೂ ಬೂಷ್ಟು ಬೇರೂರಿ ಲೇಪನವನ್ನು ತಿನ್ನುತ್ತದೆ. ಆದ್ದರಿಂದಲೇ ಸ್ಕೋಪ್ ಕಳಚಿದರೆ ಗುರಿಯ ಹೊಂದಾಣಿಕೆ ತಪ್ಪಿ ಮತ್ತೆ ಮೊದಲಿನಿಂದ ಗುಂಡು ಹೊಡೆದು ಸರಿಪಡಿಸಿಕೊಳ್ಳಬೇಕೆಂದು ಗೊತ್ತಿದ್ದೂ, ಬಲ್ಲವರ ಕೈಗೇ ಹೋಗಲಿ ಎಂದು ನಿಮಗೆ ಕಳುಹಿಸಿದೆ.

ವಾಪಸು ಬಂದ ದಿನ ಸಂಜೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಲೆನ್ಸಿನ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿದೆ. ಮೊದಲು ಒಂದೇ ಸಮನೆ ಹಸಿರು, ನೇರಳೆ ಹೊಳಪು ಕೊಡುತ್ತಿದ್ದ ಗಾಜಿನ ಮೇಲೆ, ಪೊರಕೆಯಿಂದ ಅರ್ಧವೃತ್ತಾಕಾರವಾಗಿ ಗುಡಿಸಿದಂತೆ, ಕೂದಲೆಳೆಯಷ್ಟು ಸಣ್ಣ ಗೀರುಗಳು ಒಂದರ ಪಕ್ಕ ಒಂದು ಕಾಣಿಸಿದವು. ಅವೆಲ್ಲವೂ ಗಂಧವಿದ್ದ ಅಂಚಿನಿಂದಲೇ ಹೊರಟು ನಡುವಿನವರೆಗೆ ಬಂದಿವೆ. ನಡುವೆ ಉಗುರಿನಷ್ಟು ಜಾಗದಲ್ಲಿ ಹಸಿರು ಹೊಳಪೇ ಇಲ್ಲ, ಬೂದು ಬಣ್ಣ ಮಾತ್ರ ಉಳಿದಿದೆ. ಮರುದಿನ ಇಳಿಬಿಸಿಲು ಎದುರಿಗೆ ಬಿದ್ದಾಗ ನೋಡಿದರೆ ಗುರಿಗೆರೆಗಳ ಸುತ್ತ ಹಾಲು ಚೆಲ್ಲಿದಂತೆ ಬಿಳುಪು ತುಂಬಿ, ಗುರಿಹಲಗೆಯ ಕಪ್ಪು ವೃತ್ತವೇ ಮಸುಕಾಗಿತ್ತು. ಕಳುಹಿಸುವ ಮುನ್ನ ಇದೇ ರೀತಿ ಟಾರ್ಚ್ ಹಿಡಿದು ತೆಗೆದ ನಾಲ್ಕು ಚಿತ್ರಗಳು ನನ್ನಲ್ಲಿವೆ. ಅವುಗಳಲ್ಲಿ ಬೆರಳಚ್ಚು ಇದೆ, ಗಂಧವಿದೆ, ಗೀರು ಒಂದೂ ಇಲ್ಲ.

ಸೇವಾ ಕೇಂದ್ರಕ್ಕೆ ದೂರವಾಣಿ ಮಾಡಿದಾಗ ಮಾತನಾಡಿದ ಸಿಬ್ಬಂದಿ ಮೊದಲು ಇದು ಬಳಕೆಯಿಂದ ಆದ ಗೀರು ಎಂದರು. ಚಿತ್ರಗಳ ವಿಷಯ ಹೇಳಿದ ಮೇಲೆ, "ಗ್ಲಾಸ್ ಕ್ಲೀನರ್ ಹೊಡೆದು ಟಿಶ್ಯೂನಲ್ಲಿ ಒರೆಸಿದ್ದೇವೆ ಸಾರ್, ಎಲ್ಲರದ್ದೂ ಹಾಗೇ ಮಾಡೋದು" ಎಂದರು. ಅವರು ಮುಚ್ಚಿಡದೆ ಹೇಳಿದ್ದಕ್ಕೆ ನನಗೆ ಅವರ ಮೇಲೆ ಬೇಸರವಿಲ್ಲ. ಆದರೆ ನನ್ನ ದೂರು ಇರುವುದೇ ಆ ಮಾತಿನಲ್ಲಿ.

ಲೇಪನವಿಲ್ಲದ ಬರೀ ಗಾಜಿನ ಒಂದೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 4% ಅನ್ನು ಹಿಂದಕ್ಕೆ ಎಸೆಯುತ್ತದೆ. ಸ್ಕೋಪಿನೊಳಗೆ ಹಲವು ಲೆನ್ಸುಗಳಿರುವುದರಿಂದ ಈ ನಷ್ಟ ಸೇರುತ್ತಾ ಹೋಗುತ್ತದೆ. ಅದನ್ನು ತಡೆಯಲೆಂದೇ 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ ರೂಪಿಸಿದ ಪ್ರತಿಫಲನ ನಿರೋಧಕ ಲೇಪನ ಬಂದದ್ದು. ನಿಮ್ಮ ಪೆಟ್ಟಿಗೆಯ ಮೇಲೂ ಬಹುಪದರ ಲೇಪನ ಎಂದು ದೊಡ್ಡದಾಗಿ ಅಚ್ಚಾಗಿದೆ. ಅಂತಹ ಒಂದು ಪದರದ ದಪ್ಪ ತಲೆಗೂದಲಿನ ಐನೂರರಲ್ಲಿ ಒಂದು ಪಾಲಿನ ಆಸುಪಾಸು. ಇನ್ನು ಸಾಮಾನ್ಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣದ ಗಡಸುತನ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ 7, ಗಾಜಿನದು ಆರರ ಒಳಗೆ. ಗಂಧವನ್ನು ತೇಯುವುದೂ ಕಲ್ಲಿನ ಮೇಲೆಯೇ. ಹೀಗಿರುವಾಗ ಧೂಳು ಹಾರಿಸದೆ ಟಿಶ್ಯೂ ಒತ್ತಿ ಉಜ್ಜುವುದೂ ಉಪ್ಪುಕಾಗದದಿಂದ ಉಜ್ಜುವುದೂ ಹೆಚ್ಚು ಕಡಿಮೆ ಒಂದೇ. ಅಮೋನಿಯ ಇರುವ, ಕಿಟಕಿ ಒರೆಸುವ ದ್ರಾವಣವನ್ನು ಲೇಪನವಿರುವ ಲೆನ್ಸಿಗೆ ತಾಗಿಸಬೇಡಿ ಎಂದು ಲೆನ್ಸ್ ತಯಾರಕರೇ ಎಚ್ಚರಿಸುತ್ತಾರೆ.

ನಾನು ಮನೆಯಲ್ಲಿ ಅನುಸರಿಸುವ ಕ್ರಮವನ್ನು ನಿಮ್ಮ ತಂತ್ರಜ್ಞರಿಗೆ ಬರೆದು ತಿಳಿಸಬೇಕಾಗಿ ಬಂದದ್ದು ವಿಚಿತ್ರವೇ ಸರಿ. ಸ್ಕೋಪ್ ಕೋವಿಯ ಮೇಲೇ ಇದ್ದರೆ ಮೊದಲು ಕೋವಿ ಖಾಲಿಯಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಲೆನ್ಸನ್ನು ಕೆಳಮುಖವಾಗಿ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಊದಬೇಕು. ಬಾಯಿಂದ ಊದಿದರೆ ಉಗುಳು ಹಾರುತ್ತದೆ, ಡಬ್ಬಿಯ ಗಾಳಿಯಾದರೆ ಒಳಗಿನ ದ್ರವವೇ ತಣ್ಣಗೆ ಚಿಮ್ಮಬಹುದು. ಉಳಿದ ಕಣಗಳನ್ನು ಲೆನ್ಸಿಗೆಂದೇ ಇಟ್ಟ ಮೃದು ಕುಂಚದಿಂದ, ಒತ್ತದೆ, ಸವರಿ ತೆಗೆಯಬೇಕು. ಇಷ್ಟಾಗುವವರೆಗೆ ಬಟ್ಟೆ ಗಾಜಿನ ಹತ್ತಿರ ಬರಕೂಡದು. ನಂತರ ಲೆನ್ಸ್ ದ್ರಾವಣದ ಒಂದೆರಡು ಹನಿಯನ್ನು ಲೆನ್ಸ್ ಕಾಗದದ ಮೇಲೆ ಹಾಕಬೇಕೇ ಹೊರತು ಗಾಜಿನ ಮೇಲಲ್ಲ, ಏಕೆಂದರೆ ನೇರವಾಗಿ ಹಾಕಿದ ದ್ರವ ಅಂಚಿನ ಸಂದಿಗೆ ಇಳಿಯುತ್ತದೆ. ಬೆರಳಚ್ಚಿನ ಜಿಡ್ಡನ್ನು ನಡುವಿನಿಂದ ಹೊರಕ್ಕೆ ಸುತ್ತುತ್ತಾ, ಪ್ರತಿ ಸಲವೂ ಕಾಗದದ ಹೊಸ ಭಾಗದಿಂದ, ಕಾಗದದ ತೂಕವೇ ಸಾಕೆನ್ನುವಷ್ಟು ಹಗುರವಾಗಿ ಒರೆಸಿದರೆ ಎರಡು ಮೂರು ಸಲಕ್ಕೆ ಹೋಗುತ್ತದೆ. ಕೊನೆಗೆ ಒಗೆದು ಒಣಗಿಸಿದ ಮೈಕ್ರೋಫೈಬರ್ ಬಟ್ಟೆ. ಇದಕ್ಕೆ ಐದು ನಿಮಿಷ ಸಾಕು. ನಿಮ್ಮಲ್ಲಿ ಸ್ಕೋಪ್ ಹದಿನೇಳು ದಿನ ಇತ್ತು.

ಸ್ಕೋಪಿನ ಜೊತೆ ಕೊಡುವ ಮಡಿಕೆ ಹಾಳೆಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಶುಚಿಗೊಳಿಸುವ ಬಗ್ಗೆ ಇರುವುದು ಇಂಗ್ಲಿಷಿನ ಒಂದೇ ಸಾಲು: ಮೃದುವಾದ ಬಟ್ಟೆಯಿಂದ ಒರೆಸಿ. ಧೂಳು ಮೊದಲು ತೆಗೆಯಬೇಕೆಂಬ ಸೂಚನೆಯೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇದನ್ನು ಕೊಳ್ಳುವವರು ಇದ್ದೇ ಇದ್ದಾರೆ; ಸರಿಯಾದ ಕ್ರಮವನ್ನು ಕನ್ನಡದಲ್ಲಿ ಅರ್ಧ ಪುಟ ಅಚ್ಚು ಹಾಕಿಸುವುದು ನಿಮಗೆ ಹೊರೆಯಾಗಲಾರದು.

ಆದ್ದರಿಂದ ಮುಂದಿನ ಲೆನ್ಸನ್ನು ನಿಮ್ಮ ಖರ್ಚಿನಲ್ಲಿ, ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿ ಮುದ್ರೆ ಮಾಡಬಲ್ಲ ಕಾರ್ಖಾನೆಯಲ್ಲೇ ಬದಲಿಸಿ ಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ ಅದೇ ಮಾದರಿಯ ಹೊಸ ಸ್ಕೋಪ್ ಕೊಡಬೇಕು. ಎರಡರಲ್ಲಿ ಯಾವುದಾದರೂ ಸರಿ, ₹850 ಶುಲ್ಕ ಮತ್ತು ಕೊರಿಯರ್ ವೆಚ್ಚವನ್ನು ಹಿಂದಿರುಗಿಸಬೇಕು. ಗೀರಿನ ಮೇಲೆ ಹೊಳಪು ಹಾಕಿ ಕೊಡುತ್ತೇವೆ ಎಂಬ ಪರಿಹಾರವನ್ನು ನಾನು ಒಪ್ಪುವುದಿಲ್ಲ, ಹೊಳಪು ಹಾಕಿದರೆ ಉಳಿದಿರುವ ಲೇಪನವೂ ಹೋಗುತ್ತದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಯ ದೂರನ್ನು ನಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಸಲ್ಲಿಸುತ್ತೇನೆ. ಗ್ರಾಹಕ ತಾನಿರುವ ಊರಿನ ವ್ಯಾಪ್ತಿಯಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ.

ಸ್ಕೋಪನ್ನು ವಾಪಸು ಬಂದ ಸ್ಥಿತಿಯಲ್ಲೇ, ಒಮ್ಮೆಯೂ ಒರೆಸದೆ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೇನೆ. ನಿಮ್ಮ ತಂತ್ರಜ್ಞರು ಯಾವ ದಿನ ಬಂದರೂ ಟಾರ್ಚ್ ಹಿಡಿದು ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,
ನೊಂದ ಗ್ರಾಹಕ

ಲಗತ್ತು: ಖರೀದಿ ರಸೀದಿ, ಸೇವಾ ಶುಲ್ಕದ ರಸೀದಿ, ಎರಡು ಕೊರಿಯರ್ ಚೀಟಿಗಳು, ಕಳುಹಿಸುವ ಮುನ್ನ ತೆಗೆದ ನಾಲ್ಕು ಮತ್ತು ವಾಪಸು ಬಂದ ಮೇಲೆ ತೆಗೆದ ಆರು ಚಿತ್ರಗಳು.